ಆಕಾಶದಲ್ಲಿಯ ಮೇಜು

ನಕ್ಷತ್ರಪಟವನ್ನು ಬಿಡಿಸಿ ನೋಡುವ ಹುಡುಗಿಯರು ದಕ್ಷಿಣ ಧ್ರುವದ ಸಮೀಪದಲ್ಲಿ ‘ಮೆನ್ಸಾ’ ಎಂಬ ಹೆಸರನ್ನು ಕಂಡು, ಇದರ ಅರ್ಥವೇನೆಂದು ಕೇಳುವದುಂಟು. ಲ್ಯಾಟಿನ್ ಭಾಷೆಯಲ್ಲಿ ಮೆನ್ಸಾ ಅಂದರೆ ಮೇಜು. ಈ ಉತ್ತರವು ಸರಿಯಾದದ್ದೇ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಮಗುವಿಗೆ ಅರ್ಧ ತಿಳುವಳಿಕೆಯನ್ನು ಮಾತ್ರ ಕೊಟ್ಟಂತಾಗುವದು. ಯಾಕಂದರೆ ಆಕಾಶದಲ್ಲಿ ಸ್ಥಾಪಿಸಲ್ಪಟ್ಟದ್ದು ಊಟದ ಮೇಜಲ್ಲ, ಒಂದು ಬೆಟ್ಟ. ಬೆಟ್ಟವು ಮೇಜಾದ ಸಂಗತಿಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಈಗಿನವರ ತಂದೆತಾಯಿಗಳಿಗೂ ಇಲ್ಲಿ ವಿವರಿಸಲಪೇಕ್ಷಿಸುತ್ತೇನೆ.

ಆಫ್ರಿಕಾ ಖಂಡದ ದಕ್ಷಿಣದ ಕಡೆ ಕೇಪ್‌ಟೌನ್ ಪಟ್ಟಣದ ಬೆನ್ನಿಗೆ ಸುಮಾರು 1,086 ಮೀಟರ್ ಎತ್ತರದ ಬೆಟ್ಟವೊಂದಿದೆ. ಅದಕ್ಕೆ ಚೂಪಾದ ಶಿಖರವಿಲ್ಲ. ಮೇಲ್ಭಾಗವು ಹಲಗೆಯಂತೆ ಸಮತಟ್ಟಾಗಿರುವದು. ಆ ನಾಡಿನ ಪೂರ್ವನಿವಾಸಿಗಳಾದ ಖೋಯ್‌ಖೋಯ್ ಜನರು ಅದನ್ನು ಕಡಲ ಬೆಟ್ಟವೆಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರೆಂದು ಹೇಳುವರು. 1503ರಲ್ಲಿ ಪೋರ್ಚುಗೀಸ್ ನಾವಿಕನಾದ ಅಂತೋನಿಯೊ ದ ಸಲ್ದಾನ್ಹಾ ಎಂಬವನು ಅದನ್ನೇರಿ, ಅದಕ್ಕೆ ‘ಭೂಶಿರದ ಮೇಜು’ ಎಂದು ಹೆಸರಿಟ್ಟನು. ಆಗ್ನೇಯ ದಿಕ್ಕಿನ ಬಲವಾದ ಗಾಳಿಯು ಸಮುದ್ರದ ತೇವವನ್ನು ಹೊತ್ತು ಬಂದು ಬೆಟ್ಟಕ್ಕೆ ತಾಗಿ ಮೇಲಕ್ಕೇರುವಾಗ, ಆ ತೇವವು ತಣಿದು ಬಿಳೀ ಮೋಡವಾಗುವದು. ಆ ಮೋಡವು ಮೇಲ್ಭಾಗವನ್ನೆಲ್ಲಾ ಮುಚ್ಚಿ, ಅಂಚಿನಿಂದ ಕೆಳಗೆ ಇಳಿಬಿದ್ದು, ಕೆಳಗಣ ಬೆಚ್ಚನೆಯ ಗಾಳಿಯಲ್ಲಿ ಕರಗಿಹೋಗುವದು. ಅಲ್ಲಿಯ ಜನರು ಇದನ್ನು ಮೇಜಿನ ಬಟ್ಟೆಯೆಂದು ಕರೆಯುತ್ತಾರೆ.

ಈ ಬೆಟ್ಟದ ಬುಡದಲ್ಲಿ 1751ರಿಂದ 1753ರ ವರೆಗೆ ನಿಕೊಲಾ ಲೂಯಿ ದ ಲಕಾಯ್ ಎಂಬ ಫ್ರೆಂಚ್ ಜ್ಯೋತಿಶ್ಶಾಸ್ತ್ರಜ್ಞನು ವಾಸಮಾಡಿದನು. ಅರ್ಧ ಅಂಗುಲ ಅಗಲದ ಗಾಜುಳ್ಳ ಸಣ್ಣ ದೂರದರ್ಶಕವೊಂದರಿಂದ ಆತನು ಹೆಚ್ಚು ಕಡಿಮೆ 10,000 ನಕ್ಷತ್ರಗಳ ಸ್ಥಾನಗಳನ್ನು ಗುರುತಿಸಿದನು. ಹೆಸರಿಲ್ಲದೆ ಉಳಿದಿದ್ದ ಆಕಾಶಭಾಗಗಳಲ್ಲಿ 14 ಹೊಸ ನಕ್ಷತ್ರಪುಂಜಗಳನ್ನು ಏರ್ಪಡಿಸಿದನು. ಅವುಗಳಲ್ಲಿ 13ಕ್ಕೆ ಗಡಿಯಾರ, ಕೈವಾರ, ಕುಲುಮೆ, ಸೂಕ್ಷ್ಮದರ್ಶಕ ಮೊದಲಾಗಿ ಶಾಸ್ತ್ರ ಮತ್ತು ಕಲೆಗಳ ಉಪಕರಣಗಳ ಹೆಸರುಗಳನ್ನಿಟ್ಟನು. ಹದಿನಾಲ್ಕನೆಯದಕ್ಕೆ ಮಾತ್ರ ತಾನು ಕೆಲಸಮಾಡಿದ ಸ್ಥಳದ ಬೆಟ್ಟದ ಹೆಸರನ್ನೇ ಕೊಟ್ಟನು. ಆ ಭಾಗದಲ್ಲಿ ದೊಡ್ಡ ಮಗೆಲ್ಲನ್ ಮೇಘವೆಂಬ ಬಿಳುಪಾದ ಮಬ್ಬಿನ ಅಂಚು ಕಾಣುವದು. ಅದು ಸುಮಾರು 1,60,000 ಜ್ಯೋತಿರ್ವರ್ಷ ದೂರದಲ್ಲಿರುವ ಬೇರೊಂದು ನಕ್ಷತ್ರಲೋಕವೆಂದು ನಾವೀಗ ಬಲ್ಲೆವು. ಲಕಾಯನಿಗಾದರೋ ಅದು ಬೆಟ್ಟದ ಮೇಲಣ ಬಿಳೀ ಬಟ್ಟೆಯನ್ನು ನೆನಪಿಗೆ ತಂದಿತು.

ಆತನು ತೀರಿಕೊಂಡ ಮೇಲೆ 1763ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಈ ಪುಂಜದ ಲ್ಯಾಟಿನ್ ಹೆಸರು ‘ಮೋನ್ಸ್ ಮೆನ್ಸೇ’ ಎಂದಿದೆ. ನಮ್ಮ ವ್ಯಾಕರಣದಲ್ಲಿರುವಂತೆಯೇ ಲ್ಯಾಟಿನಿನಲ್ಲಿಯೂ ವಿಭಕ್ತಿಗಳುಂಟು. ಮೋನ್ಸ್ ಅಂದರೆ ಬೆಟ್ಟವು, ಪ್ರಥಮಾ ವಿಭಕ್ತಿ. ಮೆನ್ಸೇ ಅಂದರೆ ಮೇಜಿನ, ಷಷ್ಠೀ ವಿಭಕ್ತಿ. ಎರಡೂ ಸೇರಿ ‘ಮೇಜಿನ ಬೆಟ್ಟ’. ಮುಂದೆ 1844ರಲ್ಲಿ ಜಾನ್ ಹರ್ಷೆಲ್ ಎಂಬ ವಿದ್ವಾಂಸನು, ಎರಡು ಮಾತುಗಳ ಹೆಸರುಗಳನ್ನು ಒಂದೊಂದೇ ಮಾತಿಗೆ ಇಳಿಸುವದು ಅನುಕೂಲವೆಂದು ಸೂಚಿಸಿದನು. ಹಾಗೆ ಇಳಿಸುವಾಗ ಬೆಟ್ಟವು ಬಿದ್ದುಹೋಗಿ ಮೇಜು ಮಾತ್ರ ಉಳಿಯಿತು. ಷಷ್ಠಿಯಲ್ಲಿದ್ದ ಶಬ್ದವು ಪ್ರಥಮೆಗೆ ಬಂದು ‘ಮೆನ್ಸಾ’ ಆಯಿತು. 1922ರಲ್ಲಿ ಅಂತರರಾಷ್ಟ್ರೀಯ ಖಗೋಲ ಸಂಘವು 88 ಪುಂಜಗಳ ಪಟ್ಟಿಯನ್ನು ಅಂಗೀಕರಿಸಿದಾಗಲೂ ಈ ಚಿಕ್ಕ ಹೆಸರೇ ನಿಂತಿತು. ಆದರೆ ಅದರ ನಕ್ಷತ್ರಗಳನ್ನು ಹೆಸರಿಸುವಾಗ ಷಷ್ಠಿಯು ತಿರಿಗಿ ಬರುವದು. ಮೊದಲನೆಯ ನಕ್ಷತ್ರವು ‘ಆಲ್ಫಾ ಮೆನ್ಸೇ’, ಅಂದರೆ ಮೇಜಿನ ಆಲ್ಫಾ.

ಆ ನಕ್ಷತ್ರವು ಪುಂಜದಲ್ಲೆಲ್ಲಾ ಪ್ರಕಾಶವುಳ್ಳದ್ದಾದರೂ ಐದನೆಯ ತರಗತಿಯದು. ಕತ್ತಲೆಯ ರಾತ್ರಿಯಲ್ಲಿ ಬರಿಗಣ್ಣಿಗೆ ಆರನೆಯ ತರಗತಿಯ ವರೆಗೆ ಮಾತ್ರ ಕಾಣುವದೆಂಬದನ್ನು ನೆನಸಿದರೆ ಅದರ ಮಂಕುತನವು ತಿಳಿಯುವದು. ಬೆಂಗಳೂರಿನಲ್ಲಿ ಅದು ದಿಗಂತದಿಂದ ಎರಡು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಮಾತ್ರ ಮೇಲೇಳುವದರಿಂದ ಧೂಳು ಮಂಜುಗಳಲ್ಲಿ ಅಡಗಿಯೇ ಇರುವದು.

ಹಾಗಾದರೆ ನಮ್ಮ ಹುಡುಗಿಯರು ಕಾಣಲಾರದ ನಕ್ಷತ್ರಗಳ ಹೆಸರಿನಿಂದ ಅವರಿಗೇನು ಪ್ರಯೋಜನವೆಂದು ತಂದೆತಾಯಿಗಳು ಕೇಳಬಹುದು. ಅದನ್ನು ಬಾಯಿಪಾಠ ಮಾಡುವದರಿಂದ ಏನೂ ಇಲ್ಲವೆಂದೇ ನನ್ನ ಉತ್ತರ. ಆದರೆ ‘ಮೇಜು ಯಾಕೆ?’ ಎಂದು ಕೇಳಿದ ಹುಡುಗಿಯು ಒಂದೇ ಶಬ್ದದಿಂದ ವ್ಯಾಕರಣಕ್ಕೂ ಭೂಗೋಲಕ್ಕೂ ಗಾಳಿಮೋಡಗಳ ನಿಯಮಕ್ಕೂ ಹೋಗಿಬರುವಳು. ಪರೀಕ್ಷೆಯಲ್ಲಿ ಇಂಥ ಪ್ರಶ್ನೆಗೆ ಅಂಕಗಳಿಲ್ಲ. ಆದಕಾರಣ ಶಾಲೆಯಲ್ಲಿಯೂ ಮನೆಯಲ್ಲಿಯೂ ಅದು ಸುಲಭವಾಗಿ ತಳ್ಳಲ್ಪಡುವದು. ನಿಮ್ಮ ಮಗಳು ಒಂದು ಹೆಸರಿನ ಅರ್ಥವನ್ನು ಕೇಳಿದರೆ, ಪುಸ್ತಕದಲ್ಲಿರುವಷ್ಟು ಸಾಕೆಂದು ಹೇಳಿ ಆಕೆಯನ್ನು ಸುಮ್ಮನಾಗಿಸಬೇಡಿರಿ. ಆಕೆಯ ಸಂಗಡ ಕುಳಿತು ಹುಡುಕಿರಿ. ಚಿಕ್ಕ ಹೆಸರಿನ ಹಿಂದೆ ಎಷ್ಟೋ ಸಲ ಒಂದು ಬೆಟ್ಟವೇ ಇರುವದು.