ಬೆಂಕಿಯ ದ್ವೀಪದಲ್ಲಿ ಮೂರು ದಿನ: ಲಾನ್ಸರೋಟೆ ಸುತ್ತಾಟ

ನೆಲದಲ್ಲಿ ಹೂತಿರುವ ಕೊಳವೆಯೊಂದಕ್ಕೆ ಉದ್ಯಾನದ ಸಿಬ್ಬಂದಿ ಒಂದು ಬಕೆಟ್ ನೀರು ಸುರಿದು ಚಟ್ಟನೆ ಹಿಂದೆ ಸರಿಯುತ್ತಾರೆ. ಕೆಲವೇ ಕ್ಷಣಗಳಲ್ಲಿ ಆ ನೀರು ಹಬೆಯ ಕಂಬವಾಗಿ ಭೋರ್ಗರೆಯುತ್ತ ಮೇಲಕ್ಕೆ ಚಿಮ್ಮುತ್ತದೆ. ಪಕ್ಕದ ಕುಳಿಯೊಳಗೆ ಒಣ ಪೊದೆಯನ್ನು ತುರುಕಿದರೆ ಬೆಂಕಿಕಡ್ಡಿಯ ಹಂಗಿಲ್ಲದೆ ಅದು ಹೊತ್ತಿ ಉರಿಯುತ್ತದೆ. ಸುತ್ತ ನೆರೆದವರು ಬೆರಗಾಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಅಟ್ಲಾಂಟಿಕ್ ಸಾಗರದ ಲಾನ್ಸರೋಟೆ ದ್ವೀಪದಲ್ಲಿರುವ ಟಿಮನ್‌ಫಾಯಾ ರಾಷ್ಟ್ರೀಯ ಉದ್ಯಾನದ ದೈನಂದಿನ ದೃಶ್ಯವಿದು. ಈ ದ್ವೀಪದಲ್ಲಿ ಕೊನೆಯ ಬಾರಿ ಜ್ವಾಲಾಮುಖಿ ಸಿಡಿದದ್ದು 1824ರಲ್ಲಿ. ಎರಡು ಶತಮಾನ ಕಳೆದರೂ ನೆಲದ ಬಿಸಿ ಆರಿಲ್ಲ.

ಸ್ಪೇನ್‌ಗೆ ಸೇರಿದ ಕ್ಯಾನರಿ ದ್ವೀಪಸಮೂಹದ ಪೂರ್ವದ ಅಂಚಿನಲ್ಲಿರುವ ಲಾನ್ಸರೋಟೆ, ಸ್ಪೇನ್‌ನ ಮುಖ್ಯ ಭೂಭಾಗದಿಂದ ಸುಮಾರು ಸಾವಿರ ಕಿ.ಮೀ. ದೂರದಲ್ಲಿದೆ. ಆಫ್ರಿಕಾದ ಕರಾವಳಿಯಿಂದ ಇದಕ್ಕಿರುವ ಅಂತರ ಸುಮಾರು 130 ಕಿ.ಮೀ. ಮಾತ್ರ. ದ್ವೀಪದ ಉದ್ದ 60 ಕಿ.ಮೀ., ವಿಸ್ತೀರ್ಣ ಸುಮಾರು 845 ಚದರ ಕಿ.ಮೀ. ಬೆಳಿಗ್ಗೆ ಉಪಾಹಾರ ಮುಗಿಸಿ ಹೊರಟವರು ಯಾವುದೇ ಮೂಲೆಯನ್ನು ನೋಡಿಕೊಂಡು ಸಂಜೆಗೆ ತಂಗಿದಲ್ಲಿಗೆ ಮರಳಬಹುದು. ಹಾಗಾಗಿ ಇಲ್ಲಿನ ರಜೆಯೆಂದರೆ ಒಂದೇ ಊರಿನಲ್ಲಿ ಬಿಡಾರ ಹೂಡಿ, ದಿನಕ್ಕೊಂದು ದಿಕ್ಕಿಗೆ ಹೋಗಿಬರುವ ಸುತ್ತಾಟ.

ಆದರೆ ಹೋದಲ್ಲೆಲ್ಲ ಪ್ರವಾಸಿಗೆ ಯಾವುದಾದರೊಂದು ನಿರ್ಬಂಧ ಎದುರಾಗುತ್ತದೆ. ಇಲ್ಲಿ ಸ್ವಂತ ವಾಹನ ಒಯ್ಯುವಂತಿಲ್ಲ, ಅಲ್ಲಿ ಕಾಲುದಾರಿ ಬಿಟ್ಟು ಇಳಿಯುವಂತಿಲ್ಲ, ಮತ್ತೊಂದೆಡೆ ನೀರಿಗೆ ನಾಣ್ಯ ಎಸೆಯುವಂತಿಲ್ಲ. ಮೇಲ್ನೋಟಕ್ಕೆ ಕಿರಿಕಿರಿ ಎನಿಸುವ ಈ ಪ್ರತಿಯೊಂದು ನಿಯಮದ ಹಿಂದೆಯೂ ಒಂದು ಕಾರಣವಿದೆ. ಆ ಕಾರಣ ತಿಳಿದರೆ ದ್ವೀಪದ ಕಥೆಯೂ ಅರ್ಥವಾಗುತ್ತದೆ.

ಆರು ವರ್ಷ ಉರಿದ ನೆಲ

1730ರ ಸೆಪ್ಟೆಂಬರ್ 1ರ ರಾತ್ರಿ ಟಿಮನ್‌ಫಾಯಾ ಎಂಬ ಹಳ್ಳಿಯ ಬಳಿ ಭೂಮಿ ಬಾಯ್ದೆರೆಯಿತು. ಯೈಸಾ ಗ್ರಾಮದ ಪಾದ್ರಿ ಆಂದ್ರೆಸ್ ಲೊರೆನ್ಸೊ ಕುರ್ಬೇಲೊ ಕಣ್ಣಾರೆ ಕಂಡದ್ದನ್ನು ದಿನಚರಿಯಲ್ಲಿ ದಾಖಲಿಸಿದರು. ಜರ್ಮನಿಯ ಭೂವಿಜ್ಞಾನಿ ಲಿಯೋಪೋಲ್ಡ್ ಫಾನ್ ಬುಖ್ ಅದನ್ನು 1825ರಲ್ಲಿ ಪ್ರಕಟಿಸಿದ್ದರಿಂದ ಆ ವಿವರಗಳು ಇಂದಿಗೂ ಉಳಿದುಬಂದಿವೆ. ಬಿಡುವು ಕೊಟ್ಟು ಮತ್ತೆ ಮತ್ತೆ ಸಿಡಿದ ಜ್ವಾಲಾಮುಖಿಗಳು ತಣ್ಣಗಾದದ್ದು 1736ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ದ್ವೀಪದ ಕಾಲು ಭಾಗದಷ್ಟು ನೆಲ, ಅಂದರೆ ಸುಮಾರು 200 ಚದರ ಕಿ.ಮೀ. ಪ್ರದೇಶ ಲಾವಾರಸ ಮತ್ತು ಬೂದಿಯಡಿ ಹೂತುಹೋಗಿತ್ತು. ಟಿಮನ್‌ಫಾಯಾ ಸೇರಿದಂತೆ ಹಲವು ಹಳ್ಳಿಗಳು ಹೇಳಹೆಸರಿಲ್ಲದಂತಾದವು. ದವಸ ಬೆಳೆಯುತ್ತಿದ್ದ ಹೊಲಗಳು ಕಪ್ಪು ಬಂಡೆಯಾದವು.

ಮೊದಲ ದಿನ: ಬೆಂಕಿಬೆಟ್ಟಗಳು

ಹಾಗೆ ಹೂತುಹೋದ ನೆಲದ ನಡುಭಾಗವೇ ಇಂದಿನ ರಾಷ್ಟ್ರೀಯ ಉದ್ಯಾನ. 1974ರಲ್ಲಿ ಘೋಷಣೆಯಾದ ಇದರ ವಿಸ್ತಾರ ಸುಮಾರು 51 ಚದರ ಕಿ.ಮೀ. ಕೆಂಪು, ಕಂದು, ಕಪ್ಪು ಬಣ್ಣಗಳ ಕುಳಿಬೆಟ್ಟಗಳು ಒಂದರ ಹಿಂದೊಂದು ನಿಂತಿವೆ. ಮರವಿಲ್ಲ, ನೆರಳಿಲ್ಲ. ಒಳಭಾಗದ 14 ಕಿ.ಮೀ. ಸುತ್ತುದಾರಿಯನ್ನು ಉದ್ಯಾನದ ಬಸ್ಸಿನಲ್ಲೇ ಕುಳಿತು ನೋಡಬೇಕು. ಬಸ್ಸಿನಿಂದ ಇಳಿಯಲು ಅವಕಾಶವಿಲ್ಲ. ನಡೆದು ನೋಡಬಯಸುವವರು ಮುಂಗಡವಾಗಿ ಹೆಸರು ನೋಂದಾಯಿಸಿ, ಮಾರ್ಗದರ್ಶಕರೊಂದಿಗೆ ಸಣ್ಣ ತಂಡಗಳಲ್ಲಿ ಹೋಗಬೇಕು.

ಇಷ್ಟು ಬಿಗಿ ಏಕೆ? ಆ ಲಾವಾ ಬಂಡೆಗಳ ಮೇಲೆ ಮಾಸಲು ಬಣ್ಣದ ಚುಕ್ಕೆಗಳಂತೆ ಕಾಣುವುದು ಕಲ್ಲುಹೂವು. ಬರಡು ಬಂಡೆಯ ಮೇಲೆ ಮೊದಲು ನೆಲೆಯೂರಿ, ನಿಧಾನವಾಗಿ ಅದನ್ನು ಮಣ್ಣಾಗಿಸುವ ಜೀವ ಅದು. ಸುಮಾರು ಮುನ್ನೂರು ವರ್ಷಗಳಲ್ಲಿ ಇಲ್ಲಿ ಬೆಳೆದಿರುವುದು ಹೆಚ್ಚಾಗಿ ಅಷ್ಟೇ. ವರ್ಷಕ್ಕೆ ಸುಮಾರು 150 ಮಿ.ಮೀ. ಮಳೆಯೂ ಬೀಳದ ನೆಲದಲ್ಲಿ ಒಂದು ಹೆಜ್ಜೆಗುರುತು ಅಳಿಯಲು ವರ್ಷಗಳೇ ಬೇಕು. ತೆಳು ಪದರದಂತಿರುವ ಲಾವಾ ಕಾಲಡಿಯಲ್ಲಿ ಕುಸಿದರೆ ಅಪಾಯವೂ ಉಂಟು.

ನೆಲದ ಬಿಸಿಗೆ ಕಾರಣ ಆಳದಲ್ಲಿ ಇನ್ನೂ ಪೂರ್ತಿ ತಣಿಯದೆ ಉಳಿದಿರುವ ಶಾಖ. ಬಿರುಕುಗಳ ಮೂಲಕ ಬಿಸಿ ಅನಿಲ ಮೇಲಕ್ಕೇರುತ್ತದೆ. ಮೇಲ್ಮೈಗಿಂತ ಕೆಲವೇ ಅಂಗುಲ ಕೆಳಗಿನ ಹರಳುಗಲ್ಲನ್ನು ಅಂಗೈಯಲ್ಲಿ ಹಿಡಿಯಲಾಗದು. 13 ಮೀಟರ್ ಆಳದಲ್ಲಿ 600 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣಾಂಶ ದಾಖಲಾಗಿದೆ. ಅಲ್ಲಿನ 'ಎಲ್ ದಿಯಾಬ್ಲೊ' ಉಪಾಹಾರಗೃಹದಲ್ಲಿ ಬಾವಿಯಂತಹ ಕುಳಿಯ ಮೇಲೆ ಕಬ್ಬಿಣದ ಜಾಲರಿ ಹಾಸಿ, ಆ ಶಾಖದಲ್ಲೇ ಮಾಂಸ ಸುಡುತ್ತಾರೆ.

ಮಧ್ಯಾಹ್ನ ಇಲ್ಲಿಂದ ನೈಋತ್ಯ ಕರಾವಳಿಗೆ ಇಳಿಯಬಹುದು. ಎಲ್ ಗೋಲ್ಫೊ ಎಂಬಲ್ಲಿ ಅರ್ಧ ಕುಸಿದ ಜ್ವಾಲಾಮುಖಿ ಕುಳಿಯ ಬುಡದಲ್ಲಿ ಪಾಚಿಯಿಂದ ಹಸಿರುಗಟ್ಟಿದ ಪುಟ್ಟ ಸರೋವರವಿದೆ. ಅದನ್ನು ಮೇಲಿನ ಕಟ್ಟೆಯಿಂದಲೇ ನೋಡಬೇಕು. ಲೋಸ್ ಎರ್ವಿದೆರೋಸ್‌ನಲ್ಲಿ ಸಮುದ್ರ ಸೇರಿ ಗಟ್ಟಿಯಾದ ಲಾವಾದ ಪೊಳ್ಳುಗಳೊಳಗೆ ಅಲೆಗಳು ನುಗ್ಗಿ ಕುದಿಯುವಂತೆ ಏಳುತ್ತವೆ. ಇನ್ನೂ ಮುಂದೆ ಹನೂಬಿಯೊದ ಉಪ್ಪಿನಾಗರ. ಹದಿನೆಂಟನೇ ಶತಮಾನದ ಲಾವಾ ಹರಿವು ಕೊಲ್ಲಿಯ ಬಾಯಿ ಮುಚ್ಚಿದ್ದರಿಂದ ಅಲ್ಲಿ ಹಿನ್ನೀರು ನಿಂತಿತು. 1895ರಲ್ಲಿ ಅದರ ದಡದಲ್ಲಿ ಉಪ್ಪಿನ ಮಡಿಗಳು ಆರಂಭವಾದವು.

ಬೂದಿಯಲ್ಲಿ ಬೆಳೆದ ದ್ರಾಕ್ಷಿ

ಮರಳುವ ದಾರಿಯಲ್ಲಿ ಲಾ ಹೆರಿಯಾ ಕಣಿವೆಯನ್ನು ಬಿಡುವಂತಿಲ್ಲ. ಕಪ್ಪು ಇಳಿಜಾರಿನ ತುಂಬ ಸಾವಿರಾರು ಗುಂಡಿಗಳು. ಪ್ರತಿ ಗುಂಡಿಯ ತಳದಲ್ಲಿ ಒಂದೆರಡು ದ್ರಾಕ್ಷಿ ಬಳ್ಳಿ. ಗಾಳಿಗೆ ಅಡ್ಡವಾಗಿ ಅರ್ಧಚಂದ್ರಾಕಾರದ ಗಿಡ್ಡ ಕಲ್ಲುಗೋಡೆ. ಸರ್ವಸ್ವವನ್ನೂ ಕಳೆದುಕೊಂಡ ರೈತರು ಕಂಡುಕೊಂಡ ಉಪಾಯವಿದು. ಜ್ವಾಲಾಮುಖಿ ಸುರಿಸಿದ ಕಪ್ಪು ಹರಳಿಗೆ ಅವರು 'ಪಿಕೋನ್' ಎನ್ನುತ್ತಾರೆ. ಅದರ ದಪ್ಪ ಪದರವನ್ನು ತೋಡಿ, ಅಡಿಯಲ್ಲಿದ್ದ ಹಳೆಯ ಮಣ್ಣಿಗೆ ಬೇರು ಮುಟ್ಟುವಂತೆ ಬಳ್ಳಿ ನೆಟ್ಟರು. ಸಣ್ಣ ರಂಧ್ರಗಳಿಂದ ಕೂಡಿದ ಈ ಹರಳು ರಾತ್ರಿಯ ಇಬ್ಬನಿಯ ತೇವವನ್ನು ಹೀರಿ ಕೆಳಗಿಳಿಸುತ್ತದೆ. ಹಗಲಿನಲ್ಲಿ ಮಣ್ಣಿನ ತೇವ ಆರದಂತೆ ಮುಚ್ಚಿಗೆಯಾಗಿ ಕಾಪಾಡುತ್ತದೆ.

ಈ ಗುಟ್ಟು ತಿಳಿದ ಬಳಿಕ, ಬೂದಿ ಬೀಳದಿದ್ದ ಹೊಲಗಳಿಗೂ ರೈತರು ಪಿಕೋನ್ ಹೊತ್ತು ತಂದು ಹರಡಿದರು. ಊರು ನುಂಗಿದ ಬೂದಿಯೇ ಬೆಳೆಗೆ ಆಸರೆಯಾಯಿತು. 'ಮಾಲ್ವಸಿಯಾ' ತಳಿಯ ದ್ರಾಕ್ಷಿಯಿಂದ ಮಾಡುವ ಇಲ್ಲಿನ ವೈನ್‌ಗೆ ಹೆಸರಿದೆ. 1775ರಲ್ಲಿ ಸ್ಥಾಪನೆಯಾದ ಎಲ್ ಗ್ರಿಫೊ ಮದ್ಯಶಾಲೆ ಈಗಲೂ ನಡೆಯುತ್ತಿದೆ. ಗುಂಡಿಗಳ ನಡುವೆ ಯಂತ್ರ ಓಡದ ಕಾರಣ ಕೊಯ್ಲು ಪೂರ್ತಿ ಕೈಯಿಂದಲೇ ಆಗಬೇಕು. ಅಂದಚೆಂದದ ಚಿತ್ರಕ್ಕಾಗಿ ಗುಂಡಿಯ ಅಂಚಿಗೆ ಇಳಿಯುವ ಪ್ರವಾಸಿಯ ಕಾಲಡಿ ಜಾರುವ ಹರಳನ್ನು ಮರುದಿನ ರೈತನೇ ಮೇಲಕ್ಕೆಳೆಯಬೇಕಾಗುತ್ತದೆ.

ಎರಡನೆಯ ದಿನ: ನೆಲದೊಳಗಿನ ಸುರಂಗ

ದ್ವೀಪದ ಉತ್ತರದಲ್ಲಿ ಲಾ ಕೊರೋನಾ ಎಂಬ ಇನ್ನೂ ಹಳೆಯ ಜ್ವಾಲಾಮುಖಿಯಿದೆ. ಸುಮಾರು 20 ಸಾವಿರ ವರ್ಷಗಳ ಹಿಂದೆ ಅದು ಸಿಡಿದಾಗ ಹರಿದ ಲಾವಾರಸದ ಮೇಲ್ಪದರ ಗಾಳಿಗೆ ತಣಿದು ಗಟ್ಟಿಯಾಯಿತು. ಒಳಗಿನ ರಸ ಮಾತ್ರ ಹರಿಯುತ್ತಲೇ ಇತ್ತು. ಹರಿವು ನಿಂತಾಗ ಉಳಿದದ್ದು ಪೊಳ್ಳು ಕೊಳವೆ. ಆರು ಕಿ.ಮೀ.ಗೂ ಉದ್ದದ ಈ ಸುರಂಗ ಕಡಲತೀರವನ್ನು ದಾಟಿ ಸಮುದ್ರದಡಿಗೂ ಒಂದೂವರೆ ಕಿ.ಮೀ.ನಷ್ಟು ಚಾಚಿದೆ.

ಸುರಂಗದ ಒಂದು ಭಾಗವೇ ಕ್ವೇವಾ ಡೆ ಲೋಸ್ ವೆರ್ಡೆಸ್ ಗುಹೆ. ಹದಿನಾರು, ಹದಿನೇಳನೇ ಶತಮಾನಗಳಲ್ಲಿ ಕಡಲ್ಗಳ್ಳರು ದಾಳಿಯಿಟ್ಟಾಗ ದ್ವೀಪದ ಜನ ಇದರೊಳಗೆ ಅಡಗುತ್ತಿದ್ದರು. ಕಲಾವಿದ ಹೆಸೂಸ್ ಸೋತೊ ಅವರ ಬೆಳಕಿನ ವಿನ್ಯಾಸದೊಂದಿಗೆ 1964ರಲ್ಲಿ ಇದು ಪ್ರವಾಸಿಗರಿಗೆ ತೆರೆಯಿತು. ಒಂದು ಕಿ.ಮೀ.ನಷ್ಟು ನಡೆದ ಮೇಲೆ ಕೊನೆಯಲ್ಲಿ ಒಂದು ಅಚ್ಚರಿ ಕಾದಿರುತ್ತದೆ. ಅದನ್ನು ಹೊರಗೆ ಯಾರಿಗೂ ಹೇಳಬೇಡಿ ಎಂದು ಮಾರ್ಗದರ್ಶಕರು ಕೋರುವುದು ವಾಡಿಕೆ.

ಅದೇ ಸುರಂಗದ ಕಡಲ ಬದಿಯ ತುದಿ ಹಾಮೆಯೊಸ್ ಡೆಲ್ ಅಗ್ವಾ. 'ಹಾಮೆಯೊ' ಎಂದರೆ ಸುರಂಗದ ಚಾವಣಿ ಕುಸಿದು ಬಾನಿಗೆ ತೆರೆದುಕೊಂಡ ಜಾಗ. ಅಲ್ಲಿನ ಉಪ್ಪುನೀರಿನ ಕೊಳದ ತಳದಲ್ಲಿ ಒಂದು ಸೆಂಟಿಮೀಟರ್ ಗಾತ್ರದ, ಕಣ್ಣು ಕಾಣದ ಬಿಳಿ ಏಡಿಗಳಿವೆ. ಸಾಮಾನ್ಯವಾಗಿ ಸಮುದ್ರದ ಆಳದಲ್ಲಿ ಮಾತ್ರ ಕಾಣುವ ಜೀವಿಗಳ ಬಳಗಕ್ಕೆ ಇವು ಸೇರುತ್ತವೆ. ಹರಕೆಯೆಂದು ಪ್ರವಾಸಿಗರು ಎಸೆಯುವ ನಾಣ್ಯ ತುಕ್ಕು ಹಿಡಿದರೆ ಲೋಹದ ಅಂಶ ನೀರಿಗೆ ಬೆರೆತು ಇವುಗಳಿಗೆ ಕುತ್ತಾಗುತ್ತದೆ. ನಾಣ್ಯ ನಿಷೇಧದ ಕಾರಣ ಇದೇ.

ದ್ವೀಪಕ್ಕೆ ರೂಪ ಕೊಟ್ಟ ಕಲಾವಿದ

ಹಾಮೆಯೊಸ್ ಡೆಲ್ ಅಗ್ವಾ ತಾಣವನ್ನು ರೂಪಿಸಿದವರು ದ್ವೀಪದವರೇ ಆದ ಸೆಸಾರ್ ಮನ್ರೀಕೆ. 1919ರಲ್ಲಿ ಜನಿಸಿದ ಅವರು ನ್ಯೂಯಾರ್ಕ್‌ನಲ್ಲಿ ಚಿತ್ರಕಾರರಾಗಿ ಕೆಲವು ಕಾಲ ಕಳೆದು, 1960ರ ದಶಕದಲ್ಲಿ ತಾಯ್ನೆಲಕ್ಕೆ ಮರಳಿದರು. ಸ್ಪೇನ್‌ನ ಕರಾವಳಿಯಲ್ಲಿ ಗಗನಚುಂಬಿ ಹೋಟೆಲ್‌ಗಳು ಸಾಲುಗಟ್ಟುತ್ತಿದ್ದ ಕಾಲವದು. ಲಾನ್ಸರೋಟೆಗೆ ಆ ಗತಿ ಬರಬಾರದೆಂದು ಅವರು ಪಟ್ಟುಹಿಡಿದರು. ಮನೆಗಳು ಗಿಡ್ಡವಾಗಿರಲಿ, ಗೋಡೆಗೆ ಸುಣ್ಣದ ಬಿಳುಪಿರಲಿ, ರಸ್ತೆ ಬದಿ ಜಾಹೀರಾತು ಫಲಕ ಬೇಡ ಎಂಬುದು ಅವರ ವಾದ. ದ್ವೀಪದ ಆಡಳಿತ ಅದಕ್ಕೆ ಕಿವಿಗೊಟ್ಟಿತು. ರಾಜಧಾನಿ ಅರೆಸಿಫೆಯ ಒಂದು ಹೋಟೆಲ್ ಹೊರತುಪಡಿಸಿದರೆ ಎತ್ತರದ ಕಟ್ಟಡ ಇಲ್ಲಿ ಇಂದಿಗೂ ಕಣ್ಣಿಗೆ ಬೀಳುವುದಿಲ್ಲ.

ಲಾವಾದ ಐದು ಗುಳ್ಳೆಗಳ ಮೇಲೆ ಅವರು ಕಟ್ಟಿಕೊಂಡಿದ್ದ ತಾಹೀಚೆಯ ಮನೆ ಈಗ ಪ್ರತಿಷ್ಠಾನದ ವಸ್ತುಸಂಗ್ರಹಾಲಯ. 1990ರಲ್ಲಿ ತೆರೆದ, ಹಳೆಯ ಪಿಕೋನ್ ಗಣಿಯೊಳಗಿನ ಕಳ್ಳಿ ತೋಟವೂ ಅವರದೇ ಕೃತಿ. 1992ರಲ್ಲಿ ರಸ್ತೆ ಅಪಘಾತದಲ್ಲಿ ಅವರು ಮೃತಪಟ್ಟರು. ಮರುವರ್ಷ ಯುನೆಸ್ಕೊ ಇಡೀ ದ್ವೀಪವನ್ನು ಜೀವಗೋಲ ಮೀಸಲು ಪ್ರದೇಶವೆಂದು ಗುರುತಿಸಿತು. ನೊಬೆಲ್ ಪುರಸ್ಕೃತ ಪೋರ್ಚುಗೀಸ್ ಲೇಖಕ ಜೋಸೆ ಸರಮಾಗೊ 1993ರಿಂದ 2010ರಲ್ಲಿ ನಿಧನರಾಗುವವರೆಗೆ ನೆಲೆಸಿದ್ದ ಮನೆಯೂ ಟಿಯಾಸ್ ಊರಿನಲ್ಲಿದ್ದು, ಸಾರ್ವಜನಿಕರಿಗೆ ತೆರೆದಿದೆ.

ಮೂರನೆಯ ದಿನ: ಡಾಂಬರು ಕಾಣದ ದ್ವೀಪ

ಉತ್ತರ ತುದಿಯ ಮಿರಾದೋರ್ ಡೆಲ್ ರಿಯೊ ಸುಮಾರು 475 ಮೀಟರ್ ಎತ್ತರದ ಕಡಿದಾದ ಬಂಡೆಯೊಳಗೆ ಅಡಗಿಸಿ ಕಟ್ಟಿದ ವೀಕ್ಷಣಾ ತಾಣ. 1973ರಲ್ಲಿ ತೆರೆದ ಇದೂ ಮನ್ರೀಕೆ ಅವರ ಕೊಡುಗೆಯೇ. ಹೊರಗಿನಿಂದ ನೋಡಿದರೆ ಕಟ್ಟಡವಿದೆಯೆಂದೇ ತಿಳಿಯದು. ಗಾಜಿನಾಚೆ, ಕೆಳಗಿನ ನೀಲಿ ಜಲಸಂಧಿಯ ಆ ಬದಿಗೆ ಲಾ ಗ್ರಾಸಿಯೋಸಾ ದ್ವೀಪ ಮಲಗಿರುತ್ತದೆ. ಓರ್ಸೋಲಾ ಬಂದರಿನಿಂದ ದೋಣಿಯಲ್ಲಿ ಅರ್ಧ ಗಂಟೆಯ ದಾರಿ. 2018ರಲ್ಲಿ ಕ್ಯಾನರಿಯ ಎಂಟನೆಯ ಜನವಸತಿ ದ್ವೀಪವೆಂದು ಮಾನ್ಯತೆ ಪಡೆದ ಅಲ್ಲಿ ಡಾಂಬರು ರಸ್ತೆಯೇ ಇಲ್ಲ. ಮರಳು ಹಾದಿಯಲ್ಲಿ ಕಾಲ್ನಡಿಗೆಯಲ್ಲೋ ಸೈಕಲ್ಲಿನಲ್ಲೋ ಸುತ್ತಬಹುದು. ಸುತ್ತಲಿನ ಕಡಲು 1995ರಿಂದ ಸಂರಕ್ಷಿತ ವಲಯ. ಕೊನೆಯ ದೋಣಿಯ ವೇಳೆಯನ್ನು ಮೊದಲೇ ತಿಳಿದುಕೊಳ್ಳುವುದು ಕ್ಷೇಮ.

ಎಷ್ಟು ಮಂದಿ, ಎಷ್ಟು ನೀರು?

ಇಷ್ಟು ಎಚ್ಚರ ವಹಿಸಿದ ದ್ವೀಪಕ್ಕೂ ಈಗ ಪ್ರವಾಸಿಗರ ದಟ್ಟಣೆಯೇ ಸವಾಲಾಗಿದೆ. ಸುಮಾರು 1.6 ಲಕ್ಷ ಜನಸಂಖ್ಯೆಯ ಲಾನ್ಸರೋಟೆಗೆ 2023ರಲ್ಲಿ ಬಂದವರು 30 ಲಕ್ಷಕ್ಕೂ ಹೆಚ್ಚು. ಅಂದರೆ ಪ್ರತಿ ನಿವಾಸಿಗೆ ಸುಮಾರು 19 ಅತಿಥಿಗಳು. ಇಲ್ಲಿ ನದಿಯಿಲ್ಲ. ಹಿಂದೆ ಮಳೆನೀರಿನ ತೊಟ್ಟಿಗಳನ್ನೇ ನಂಬಿದ್ದ ದ್ವೀಪ 1960ರ ದಶಕದಿಂದ ಸಮುದ್ರದ ನೀರನ್ನು ಸಿಹಿಗೊಳಿಸುವ ಘಟಕಗಳನ್ನು ಅವಲಂಬಿಸಿದೆ. ಹೋಟೆಲ್ಲಿನ ಸ್ನಾನದ ನೀರೂ ಈಜುಕೊಳದ ನೀರೂ ವಿದ್ಯುತ್ ವ್ಯಯಿಸಿ ಕಡಲಿನಿಂದ ಪಡೆದದ್ದೇ.

ಕಟ್ಟಡಗಳ ಎತ್ತರಕ್ಕೆ ಕಡಿವಾಣವಿದ್ದರೂ ಸಂಖ್ಯೆ ಬೆಳೆಯುತ್ತಲೇ ಹೋಯಿತು. ನಿಯಮ ಮೀರಿ ನೀಡಿದ್ದ ಹಲವು ಹೋಟೆಲ್ ಪರವಾನಗಿಗಳನ್ನು ನ್ಯಾಯಾಲಯ ರದ್ದುಪಡಿಸಿದ್ದೂ ಉಂಟು. 2024ರ ಏಪ್ರಿಲ್ 20ರಂದು ಕ್ಯಾನರಿ ದ್ವೀಪಗಳಲ್ಲೆಲ್ಲ ಜನ ಬೀದಿಗಿಳಿದು, ಪ್ರವಾಸೋದ್ಯಮಕ್ಕೆ ಮಿತಿ ಬೇಕೆಂದು ಒತ್ತಾಯಿಸಿದರು. ಮನೆ ಬಾಡಿಗೆ ಕೈಗೆಟುಕದಂತಾಗಿದೆ, ನೀರಿಗೆ ತತ್ವಾರವಾಗಿದೆ ಎಂಬುದು ಅವರ ಅಳಲು. ಪ್ರವಾಸಿಗರು ಬಾರದಿದ್ದರೆ ಜೀವನ ನಡೆಯದು ಎಂಬುದೂ ಅವರಿಗೆ ತಿಳಿಯದ್ದಲ್ಲ.

ಇನ್ನು ಜ್ವಾಲಾಮುಖಿ ಮತ್ತೆ ಸಿಡಿದೀತೇ ಎಂಬ ಪ್ರಶ್ನೆ. ಇದೇ ಸಮೂಹದ ಲಾ ಪಾಲ್ಮಾ ದ್ವೀಪದಲ್ಲಿ 2021ರ ಸೆಪ್ಟೆಂಬರ್ 19ರಂದು ಆರಂಭವಾದ ಸ್ಫೋಟ 85 ದಿನ ಮುಂದುವರಿದು, ಸಾವಿರಕ್ಕೂ ಹೆಚ್ಚು ಮನೆಗಳನ್ನು ಆಹುತಿ ಪಡೆಯಿತು. ದ್ವೀಪಸಮೂಹದ ಒಡಲು ಇನ್ನೂ ಆರಿಲ್ಲವೆಂಬುದಕ್ಕೆ ಅದೇ ಸಾಕ್ಷಿ. ಭೂಕಂಪನ ಮಾಪಕಗಳು ನಿರಂತರ ನಿಗಾ ವಹಿಸಿವೆ.

ಹೊರಡುವ ಮುನ್ನ

ಭಾರತದಿಂದ ಲಾನ್ಸರೋಟೆಗೆ ನೇರ ವಿಮಾನವಿಲ್ಲ. ಮ್ಯಾಡ್ರಿಡ್ ಅಥವಾ ಬಾರ್ಸಿಲೋನಾದಲ್ಲಿ ವಿಮಾನ ಬದಲಿಸಬೇಕು. ಷೆಂಗೆನ್ ವೀಸಾ ಅಗತ್ಯ. ಬ್ರಿಟನ್‌ನಲ್ಲಿ ನೆಲೆಸಿರುವ ಕನ್ನಡಿಗರಿಗೆ ಲಂಡನ್‌ನಿಂದ ಸುಮಾರು ನಾಲ್ಕು ಗಂಟೆಯ ಪಯಣ. ಬಾಡಿಗೆ ಕಾರು ಓಡಿಸುವವರಿಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ವಾಹನಗಳು ರಸ್ತೆಯ ಬಲಬದಿಯಲ್ಲಿ ಸಾಗುತ್ತವೆಂಬುದು ನೆನಪಿರಲಿ. ವರ್ಷವಿಡೀ ಹಿತವಾದ ಹವೆಯಿದ್ದರೂ ಗಾಳಿಯ ಹೊಡೆತ ಜೋರು. ಟಿಮನ್‌ಫಾಯಾದಲ್ಲಿ ನಡುಹಗಲು ವಾಹನಗಳ ಸಾಲು ಬೆಳೆಯುವುದರಿಂದ ಬೆಳಿಗ್ಗೆ ಬೇಗ ಹೋಗುವುದು ಒಳಿತು.

ರಾಷ್ಟ್ರೀಯ ಉದ್ಯಾನದಿಂದ ಒಂದು ಕಲ್ಲನ್ನೂ, ಒಂದು ಹಿಡಿ ಹರಳನ್ನೂ ನೆನಪಿಗೆಂದು ಒಯ್ಯುವಂತಿಲ್ಲ. ಒಂದು ಕಲ್ಲು ಹೋದರೆ ಏನಾದೀತು ಎಂದು ಅನಿಸುವುದು ಸಹಜ. ಬಂದವರೆಲ್ಲ ಒಂದೊಂದನ್ನು ಜೇಬಿಗಿಳಿಸಿದರೆ ವರ್ಷಕ್ಕೆ 30 ಲಕ್ಷ ಕಲ್ಲುಗಳು ದ್ವೀಪ ಬಿಟ್ಟು ಹೊರಟಂತಾಗುತ್ತದೆ.