ಬೇಸಿಗೆ ರಜೆಗೆ ಊರಿಗೆ ಹೊರಟಿದ್ದೀರಾ? ಮೈಲ್ಸ್ ಇದ್ದರೆ ಸಾಲದು, ಸೀಟು ಹುಡುಕುವುದೂ ತಿಳಿದಿರಲಿ

ದುಬೈ: ಜುಲೈ ಹತ್ತಿರ ಬಂತೆಂದರೆ ಅಲ್ ಕುಸೈಸ್‌ನ ಕನ್ನಡಿಗರ ಮನೆಗಳಲ್ಲಿ ಒಂದೇ ಮಾತು, "ಟಿಕೆಟ್ ಆಯ್ತಾ?" ಇಲ್ಲಿನ ಭಾರತೀಯ ಶಾಲೆಗಳಿಗೆಲ್ಲ ಒಟ್ಟಿಗೇ ರಜೆ, ಊರಿಗೆ ಹೊರಡುವವರೂ ಒಟ್ಟಿಗೇ. ನಾಲ್ಕು ಜನರ ಸಂಸಾರಕ್ಕೆ ಹೋಗಿಬರುವ ಟಿಕೆಟ್ ಎಂದರೆ ಎಷ್ಟೋ ಮಂದಿಗೆ ತಿಂಗಳ ಸಂಬಳವೇ ಕರಗುತ್ತದೆ. ಆಗ ನೆನಪಾಗುವುದು ವಿಮಾನ ಕಂಪನಿಯ ಖಾತೆಯಲ್ಲಿ ವರ್ಷಗಳಿಂದ ಕೂಡಿಬಿದ್ದಿರುವ ಮೈಲ್ಸ್. ತೆರೆದು ನೋಡಿದರೆ ಮೈಲ್ಸ್ ಇದೆ, ಸೀಟು ಇಲ್ಲ! ಈ ಬಗ್ಗೆ ಬಂಧುಗಳು ಪದೇ ಪದೇ ಕೇಳುತ್ತಿರುವುದರಿಂದ ನಮಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಅರಿಯಬೇಕಾದ್ದು ಇಷ್ಟೇ: ಮೈಲ್ಸ್ ಎಂದರೆ ಹಣವಲ್ಲ. ವಿಮಾನದಲ್ಲಿ ಸೀಟು ಖಾಲಿ ಇದ್ದ ಮಾತ್ರಕ್ಕೆ ಅದು ಮೈಲ್ಸ್‌ಗೆ ಸಿಗುವುದಿಲ್ಲ. ಪ್ರತಿ ವಿಮಾನದಲ್ಲೂ ಕಂಪನಿಯವರು ತಮ್ಮ ಲೆಕ್ಕಾಚಾರದಂತೆ ಕೆಲವೇ ಸೀಟುಗಳನ್ನು ರಿವಾರ್ಡ್ ಸೀಟು ಎಂದು ಬಿಡುತ್ತಾರೆ. ದುಡ್ಡು ಕೊಟ್ಟು ಕೊಳ್ಳುವವರು ಸಾಲುಗಟ್ಟಿ ನಿಂತಿರುವಾಗ ಹಾಗೆ ಬಿಡುವ ಸೀಟು ಇನ್ನೂ ಕಡಿಮೆ. ಜೊತೆಗೆ ದುಬೈ ಮತ್ತು ಭಾರತದ ನಡುವೆ ವಾರಕ್ಕೆ ಇಷ್ಟೇ ಸೀಟು ಎಂಬ ಸರ್ಕಾರಿ ಒಪ್ಪಂದವಿದೆ. ಅದರಂತೆ ಒಂದೊಂದು ಕಡೆಯ ಕಂಪನಿಗಳಿಗೂ ಸುಮಾರು 66 ಸಾವಿರ ಸೀಟುಗಳ ಮಿತಿ. ಬೇಡಿಕೆ ಏರಿದರೂ ಹೆಚ್ಚು ವಿಮಾನ ಹಾರಿಸಲು ಕಂಪನಿಗಳಿಗೆ ಆಗದು.

ನಮ್ಮ ಕರಾವಳಿಯವರಿಗೆ ಇನ್ನೊಂದು ತೊಡಕು. ಮಂಗಳೂರಿನಿಂದ ದುಬೈಗೆ 2006ರಿಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಹಾರುತ್ತಿದೆ. ಆದರೆ ಎಮಿರೇಟ್ಸ್, ಎತಿಹಾದ್ ಮುಂತಾದ ಇಲ್ಲಿನ ಕಂಪನಿಗಳು ಇಳಿಯಬಹುದಾದ ಊರುಗಳ ಪಟ್ಟಿಯಲ್ಲಿ ಮಂಗಳೂರು ಇಲ್ಲ. ಹಾಗಾಗಿ ಎಮಿರೇಟ್ಸ್‌ನ ಸ್ಕೈವಾರ್ಡ್ಸ್ ಮೈಲ್ಸ್ ನಂಬಿದವರು ಬೆಂಗಳೂರಿಗೆ ಹೋಗಿ, ಅಲ್ಲಿಂದ ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿಯಬೇಕು. ಆ ಖರ್ಚು, ಆಯಾಸ ಎರಡನ್ನೂ ಲೆಕ್ಕಕ್ಕೆ ಸೇರಿಸಿಕೊಂಡೇ ತೀರ್ಮಾನಿಸಿ.

ಇನ್ನು ಹುಡುಕುವ ಬಗೆ. ಟಿಕೆಟ್ ಮಾರಾಟ ಸುಮಾರು 11 ತಿಂಗಳು ಮೊದಲೇ ತೆರೆಯುತ್ತದೆ. ಮುಂದಿನ ಜುಲೈನ ಸೀಟು ಹುಡುಕಲು ತಕ್ಕ ಕಾಲ ಈ ವರ್ಷದ ಆಗಸ್ಟ್. ಆಗ ಸಿಗದಿದ್ದರೆ ಕೈಬಿಡಬೇಡಿ, ವಾರಕ್ಕೊಮ್ಮೆಯಾದರೂ ನೋಡುತ್ತಿರಿ. ಮುಂಗಡ ಬುಕಿಂಗ್ ಹೇಗಿದೆ ಎಂದು ನೋಡಿಕೊಂಡು ಕಂಪನಿಯವರು ನಡುನಡುವೆ ಸೀಟು ಬಿಡುವುದೂ, ಹಿಂತೆಗೆದುಕೊಳ್ಳುವುದೂ ಇದೆ.

ನಾಲ್ವರಿಗೆ ಒಟ್ಟಿಗೇ ಹುಡುಕಿದಾಗ ರಿವಾರ್ಡ್ ಸೀಟು ಎರಡೇ ಇದ್ದರೆ ಪರದೆಯ ಮೇಲೆ "ಇಲ್ಲ" ಎಂದೇ ಬರುತ್ತದೆ. ಆದ್ದರಿಂದ ಮೊದಲು ಒಬ್ಬರಿಗೆ, ಆಮೇಲೆ ಇಬ್ಬರಿಗೆ ಎಂದು ಹುಡುಕಿ. ಎರಡು ಸಿಕ್ಕರೆ ಎರಡು ಮೈಲ್ಸ್‌ನಲ್ಲಿ, ಉಳಿದೆರಡು ದುಡ್ಡಿನಲ್ಲಿ ಮಾಡಬಹುದು. ಹೀಗೆ ಒಡೆಯುವಾಗ ಪ್ರತಿ ಬುಕಿಂಗ್‌ನಲ್ಲೂ ಒಬ್ಬ ದೊಡ್ಡವರಿರಲಿ, ಮಕ್ಕಳದ್ದೇ ಬೇರೆ ಬುಕಿಂಗ್ ಆಗದಿರಲಿ. ಎರಡೂ ಒಂದೇ ಸಂಸಾರದ್ದೆಂದು ಕಂಪನಿಗೆ ಫೋನ್ ಮಾಡಿ ಜೋಡಿಸಿಕೊಳ್ಳಿ.

ಹೋಗುವ ದಾರಿ, ಬರುವ ದಾರಿ ಎರಡನ್ನೂ ಬೇರೆ ಬೇರೆಯಾಗಿ ನೋಡಿ. ಹೋಗಲು ಸುಲಭವಾಗಿ ಸಿಕ್ಕಿ, ಶಾಲೆ ತೆರೆಯುವ ಹಿಂದಿನ ವಾರ ಬರಲು ಸಿಗದೆ ಒದ್ದಾಡುವವರೇ ಹೆಚ್ಚು. ಶುಕ್ರವಾರ, ಶನಿವಾರ ಬಿಟ್ಟು ವಾರದ ನಡುವಿನ ದಿನ, ಅಪರಾತ್ರಿಯ ವಿಮಾನ, ಇವನ್ನು ಮರೆಯಬೇಡಿ. ಊರನ್ನೂ ಬದಲಿಸಿ ನೋಡಬಹುದು. ಬೀದರ್, ಕಲಬುರಗಿಯವರಿಗೆ ಹೈದರಾಬಾದ್ ದೂರವಲ್ಲ. ಕಾಸರಗೋಡಿನವರು ಕೊಚ್ಚಿಗೆ ಇಳಿದು ರೈಲು ಹಿಡಿಯಬಹುದು.

ಸ್ಕೈವಾರ್ಡ್ಸ್‌ನಲ್ಲಿ ರಿವಾರ್ಡ್ ಸೀಟು ಎರಡು ಬಗೆ. ಸೇವರ್‌ಗೆ ಮೈಲ್ಸ್ ಕಡಿಮೆ, ಸೀಟೂ ಕಡಿಮೆ. ಫ್ಲೆಕ್ಸ್‌ಗೆ ಮೈಲ್ಸ್ ಹೆಚ್ಚು, ಸಿಗುವ ಸಾಧ್ಯತೆಯೂ ಹೆಚ್ಚು. ಎರಡೂ ಸಿಗದಿದ್ದರೆ ಕ್ಯಾಶ್ ಪ್ಲಸ್ ಮೈಲ್ಸ್ ಇದೆ. 2,000 ಮೈಲ್ಸ್‌ನಿಂದ ಮೇಲಕ್ಕೆ ಕೊಟ್ಟು ಟಿಕೆಟ್ ದರವನ್ನು ಸ್ವಲ್ಪ ಇಳಿಸಿಕೊಳ್ಳುವ ವ್ಯವಸ್ಥೆ ಇದು. ಶಾರ್ಜಾದ ಏರ್ ಅರೇಬಿಯಾದಲ್ಲೂ ಪಾಯಿಂಟ್‌ಗಳು ದುಡ್ಡಿನಂತೆಯೇ ದರದಿಂದ ಕಳೆಯುತ್ತವೆ. ಅಲ್ಲಿ ರಿವಾರ್ಡ್ ಸೀಟು ಹುಡುಕುವ ತಾಪತ್ರಯವಿಲ್ಲ, ಆದರೆ ದರ ಏರಿದಾಗ ಬೇಕಾಗುವ ಪಾಯಿಂಟ್‌ಗಳೂ ಏರುತ್ತವೆ.

ಯಾವುದು ಲಾಭ? ಸಣ್ಣ ಲೆಕ್ಕ ಮಾಡಿ. ಉದಾಹರಣೆಗೆ ಟಿಕೆಟ್ 1,400 ದಿರ್ಹಮ್ ಇದೆ, ಮೈಲ್ಸ್‌ನಲ್ಲಾದರೆ 20,000 ಮೈಲ್ಸ್ ಮತ್ತು ತೆರಿಗೆ, ಸರ್ಚಾರ್ಜ್ ಸೇರಿ 400 ದಿರ್ಹಮ್ ಎನ್ನೋಣ. ಉಳಿದದ್ದು 1,000 ದಿರ್ಹಮ್, ಅಂದರೆ ಒಂದು ಮೈಲಿಗೆ 5 ಫಿಲ್ಸ್. ಅದೇ ಸೀಟಿಗೆ ರಜೆಯಲ್ಲಿ 2,400 ದಿರ್ಹಮ್ ಆದರೆ 10 ಫಿಲ್ಸ್, ಬೇರೆ ತಿಂಗಳಲ್ಲಿ 800 ದಿರ್ಹಮ್ ಆದರೆ ಬರೀ 2 ಫಿಲ್ಸ್. ಟಿಕೆಟ್ ಅಗ್ಗವಿದ್ದಾಗ ದುಡ್ಡು ಕೊಡಿ, ತುಟ್ಟಿಯಾದಾಗ ಮೈಲ್ಸ್ ತೆಗೆಯಿರಿ.

ಹಾಗೆಂದು ಕೂಡಿಟ್ಟುಕೊಂಡೇ ಕೂರುವುದೂ ಬೇಡ. ಸ್ಕೈವಾರ್ಡ್ಸ್ ಮೈಲ್ಸ್‌ಗೆ ಆಯುಷ್ಯ ಮೂರು ವರ್ಷ. ಮೂರನೆಯ ವರ್ಷ ನಿಮ್ಮ ಹುಟ್ಟುಹಬ್ಬದ ತಿಂಗಳ ಕೊನೆಗೆ ಅವು ಮುಗಿಯುತ್ತವೆ. ಕಂಪನಿಗೂ ಆಯುಷ್ಯವಿದೆ! ಬೆಂಗಳೂರಿನ ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿದವು. ಎರಡೂ ಒಂದು ಕಾಲದಲ್ಲಿ ಕೊಲ್ಲಿಗೆ ಬರುತ್ತಿದ್ದವು. ಹಾರಾಟವೇ ನಿಂತ ಮೇಲೆ ಯಾವ ಪಾಯಿಂಟ್‌ಗೂ ಆ ವಿಮಾನಗಳಲ್ಲಿ ಸೀಟು ಸಿಗಲಿಲ್ಲ.

ಇನ್ನೊಂದು ಎಚ್ಚರಿಕೆ. "ನಮ್ಮ ಮೈಲ್ಸ್‌ನಲ್ಲಿ ಅರ್ಧ ದರಕ್ಕೆ ಟಿಕೆಟ್ ಮಾಡಿಕೊಡುತ್ತೇವೆ" ಎನ್ನುವವರನ್ನು ದೂರವಿಡಿ. ಹೀಗೆ ಇನ್ನೊಬ್ಬರ ಮೈಲ್ಸ್ ಮಾರುವುದು, ಕೊಳ್ಳುವುದು ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಟಿಕೆಟ್ ರದ್ದಾಗಿ, ಮಕ್ಕಳೊಂದಿಗೆ ಕೌಂಟರ್‌ನಲ್ಲಿ ನಿಲ್ಲಬೇಕಾದವರು ಪ್ರಯಾಣಿಕರೇ. ಅದರ ಬದಲು ಮುಂದೆ ಗಳಿಸುವ ಮೈಲ್ಸ್ ಮನೆಯವರದ್ದೆಲ್ಲ ಒಂದೆಡೆ ಸೇರುವಂತೆ ಸ್ಕೈವಾರ್ಡ್ಸ್‌ನ 'ಮೈ ಫ್ಯಾಮಿಲಿ' ಸೌಲಭ್ಯ ಬಳಸಿ. ಒಬ್ಬೊಬ್ಬರ ಖಾತೆಯಲ್ಲಿ ಚೂರು ಚೂರು ಬಿದ್ದಿದ್ದರೆ ಯಾರಿಗೂ ಉಪಯೋಗವಿಲ್ಲ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಎಲ್ಲವನ್ನೂ ರಜೆಗೇ ಖರ್ಚು ಮಾಡದೆ, ಒಬ್ಬರು ಊರಿಗೆ ಹೋಗುವಷ್ಟು ಮೈಲ್ಸ್ ಸದಾ ಉಳಿಸಿಕೊಂಡಿರಿ. ತಂದೆತಾಯಿಗೆ ಹುಷಾರಿಲ್ಲವೆಂದು ನಡುರಾತ್ರಿ ಊರಿನಿಂದ ಫೋನ್ ಬಂದಾಗ ಮರುದಿನದ ಟಿಕೆಟ್ ದರ ಕೇಳಿಯೇ ಎದೆ ಒಡೆಯುತ್ತದೆ. ಅಂಥ ಹೊತ್ತಿನಲ್ಲಿ ಮಾರಾಟವಾಗದೆ ಉಳಿದ ಸೀಟು ಮೈಲ್ಸ್‌ಗೆ ತೆರೆದಿರುವುದುಂಟು. ಖಾತೆಯ ಪಾಸ್‌ವರ್ಡ್ ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಲಿ, ಪಾಸ್‌ಪೋರ್ಟ್ ಅವಧಿ ಮುಗಿಯದಂತೆ ನೋಡಿಕೊಳ್ಳಿ. ಮೈಲ್ಸ್ ಕೂಡಿಸಿದ್ದು ಸಾರ್ಥಕವಾಗುವುದು ಬೇಕಾದ ದಿನ ಊರು ತಲುಪಿದಾಗ ಮಾತ್ರ.

ಎಲ್ಲ ಬಂಧುಗಳಿಗೂ ಶುಭ ಪ್ರಯಾಣ.