ಬೆಳಗಿದ್ದೆಲ್ಲ ವಾಲ್ವ್ ಅಲ್ಲ

ಹಗರಿಬೊಮ್ಮನಹಳ್ಳಿಯಿಂದ ನನ್ನ ಸೋದರಳಿಯ ಒಂದು ಭಾನುವಾರ ಕೊಟ್ಟೂರಿಗೆ ಬಂದ. ಕೈಯಲ್ಲಿ ಊಟದ ಡಬ್ಬಿಗಿಂತ ತುಸು ದೊಡ್ಡ ಪೆಟ್ಟಿಗೆ. ಆನ್‌ಲೈನಿನಲ್ಲಿ ತರಿಸಿದ ‘ಟ್ಯೂಬ್ ಆಂಪ್ಲಿಫೈಯರ್’. ಸ್ವಿಚ್ ಒತ್ತಿದ್ದೇ ತಡ, ಮೇಲಿದ್ದ ಎರಡು ಗಾಜಿನ ವಾಲ್ವ್‌ಗಳು ಕಿತ್ತಳೆ ಬಣ್ಣದಲ್ಲಿ ಝಗ್ಗನೆ ಬೆಳಗಿದವು.

“ಮಾವಾ, ವಾಲ್ವ್ ಸೆಟ್ ಅಂದ್ರ ಇದು ನೋಡ್ರಿ. ನಿಮ್ಮ ಕಾಲದ ಮೈಕ್‌ಸೆಟ್ ಇಂಪು ಬರ್ತೈತಿ.”

ಝಗ್ಗನೆ ಬೆಳಗಿದ್ದೇ ನನಗೆ ಅನುಮಾನ ತಂದದ್ದು. ವಾಲ್ವಿನ ಫಿಲಮೆಂಟಿಗೆ ಅಷ್ಟು ಅವಸರ ಇರುವುದಿಲ್ಲ. ವಾರ್ತೆಗೆ ಮುಂಚೆಯೇ ರೇಡಿಯೋ ಹಚ್ಚಿ ಕಾಯಿಸಿಟ್ಟುಕೊಂಡವರಿಗೆ ಇದು ಗೊತ್ತು. ಆಫ್ ಮಾಡಿ, ಒಂದು ವಾಲ್ವ್ ಕಿತ್ತು, ಮತ್ತೆ ಆನ್ ಮಾಡಿದೆ. ಖಾಲಿ ಸಾಕೆಟ್ಟಿನ ತೂತಿನಿಂದ ಅದೇ ಕಿತ್ತಳೆ ಬೆಳಕು! ಅಡಿಯಲ್ಲೊಂದು ಎಲ್‌ಇಡಿ ಕೂರಿಸಿದ್ದರು.

ವಾಲ್ವ್ ಸುಳ್ಳೇನಲ್ಲ. ಮೊದಲ ಹಂತದಲ್ಲಿ ಸಣ್ಣ ಸಿಗ್ನಲ್ಲನ್ನು ದಾಟಿಸುವ ಕೆಲಸ ಅದಕ್ಕಿತ್ತು. ಸ್ಪೀಕರನ್ನು ನೂಕುತ್ತಿದ್ದದ್ದು ಮಾತ್ರ ಒಳಗಿನ ಉಗುರಗಲದ ಚಿಪ್. ಸೋವಿ ಬೆಲೆಯ ಎಷ್ಟೋ ‘ಟ್ಯೂಬ್’ ಸೆಟ್‌ಗಳ ಹಣೆಬರಹ ಇದೇ. ನಿಜವಾದ ವಾಲ್ವ್ ಆಂಪ್ಲಿಫೈಯರನ್ನು ಎತ್ತಿ ನೋಡಿದರೆ ಸಾಕು. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕಬ್ಬಿಣವೇ ಕೈ ಜಗ್ಗುತ್ತದೆ.

ಇನ್ನು ‘ಮೈಕ್‌ಸೆಟ್ ಇಂಪು’. ಕೊಟ್ಟೂರೇಶ್ವರನ ತೇರಿನ ಹೊತ್ತಿಗೆ ಬೇವಿನ ಮರಕ್ಕೆ ಕಟ್ಟಿದ ಹಾರ್ನಿನಿಂದ ಬರುತ್ತಿದ್ದ ಹಾಡು ಇವತ್ತಿಗೂ ಕಿವಿಯಲ್ಲಿದೆ, ನಿಜ. ಆದರೆ ಹಾರ್ನ್ ಎಂಬುದು ಮಾತು ದೂರ ಮುಟ್ಟಿಸಲು ಹುಟ್ಟಿದ ಸಾಮಾನು. ಅದರಲ್ಲಿ ತಬಲಾದ ಎಡಗೈ ಪೆಟ್ಟು ಸರಿಯಾಗಿ ಕೇಳಿಸುವುದೇ ಇಲ್ಲ. ಹಳೇ ರೇಡಿಯೋದ ಮೆತ್ತನೆ ದನಿಯಲ್ಲೂ ಮರದ ಪೆಟ್ಟಿಗೆಗೆ, ದೊಡ್ಡ ಸ್ಪೀಕರಿಗೆ ಸೇರಬೇಕಾದ ಪಾಲು ಬಹಳ. ನಾವು ಎಲ್ಲವನ್ನೂ ವಾಲ್ವಿನ ಖಾತೆಗೆ ಜಮಾ ಮಾಡಿಬಿಟ್ಟೆವು.

ವಾಲ್ವ್ ಇಂಪೆಂಬ ಮಾತಿನಲ್ಲಿ ಸತ್ಯ ಇಲ್ಲವೆಂದಲ್ಲ. ಶಕ್ತಿ ಮೀರಿ ದುಡಿಸಿದಾಗ ವಾಲ್ವ್ ದನಿಯ ತುದಿಯನ್ನು ನಯವಾಗಿ ಬಗ್ಗಿಸುತ್ತದೆ. ಟ್ರಾನ್ಸಿಸ್ಟರ್ ಕತ್ತಿಯಲ್ಲಿ ಕತ್ತರಿಸಿದಂತೆ ಕಡಿಯುತ್ತದೆ. ಜೊತೆಗೆ ಎಷ್ಟೋ ವಾಲ್ವ್ ಸೆಟ್‌ಗಳು ಸೇರಿಸುವ ವಿಕೃತಿ ಬಹುಪಾಲು ಮೂಲ ಸ್ವರದ ಎರಡರಷ್ಟು ಕಂಪನದ್ದು, ಅಂದರೆ ಮೇಲಿನ ಸ್ಥಾಯಿಯ ಅದೇ ಸ್ವರ. ಕಿವಿಗೆ ಅದು ತಪ್ಪೆನಿಸುವುದಿಲ್ಲ, ತುಂಬಿದಂತೆ ಕೇಳುತ್ತದೆ. ಎಲೆಕ್ಟ್ರಿಕ್ ಗಿಟಾರ್ ನುಡಿಸುವವರಿಗೆ ಈ ವಿಕೃತಿಯೇ ಬೇಕು, ಅವರು ವಾಲ್ವಿಗೆ ದುಡ್ಡು ಸುರಿದರೆ ಅರ್ಥವಿದೆ. ಮನೆಯಲ್ಲಿ ಹದವಾದ ದನಿಯಲ್ಲಿ ರಂಗಗೀತೆ ಕೇಳುವವರಿಗೆ ಒಂದು ಒಳ್ಳೆಯ ಚಿಪ್ ಆಂಪ್ಲಿಫೈಯರಿನ ದನಿ ಮೂಲಕ್ಕೆ ಹೆಚ್ಚು ನಿಷ್ಠ. ಪೆಂಡಾಲಿನ ಕರ್ಕಶಕ್ಕೆ ಟ್ರಾನ್ಸಿಸ್ಟರನ್ನು ಬೈಯುತ್ತೇವಲ್ಲ, ಅಲ್ಲಿ ವಾಲ್ಯೂಮ್ ಗುಂಡಿ ಎಲ್ಲಿಗೆ ತಿರುಗಿಸಿದ್ದಾರೆ ನೋಡಿ.

ವ್ಯಾಟಿನ ಸುಳ್ಳು ಇದಕ್ಕಿಂತ ದೊಡ್ಡದು. ಕೂಡ್ಲಿಗಿಯಿರಲಿ, ಹರಪನಹಳ್ಳಿಯಿರಲಿ, ರಿಪೇರಿ ಅಂಗಡಿಗೆ ಹೋದರೆ ‘4440 ಐಸಿ’ ಎಂದ ಕೂಡಲೇ ತಿಳಿಯುತ್ತದೆ. ಆ ಆಂಪ್ಲಿಫೈಯರ್ ಚಿಪ್ ಹಾಕಿದ ಬೋರ್ಡಿನ ಮೇಲೆ ನೂರಿನ್ನೂರು ವ್ಯಾಟ್ ಎಂದು ಬರೆದಿರುವುದುಂಟು. ಆ ಐಸಿ ತಯಾರಿಸಿದ ಸ್ಯಾನ್ಯೋ ಕಂಪನಿಯೇ ಹೇಳಿದ್ದು ಎರಡು ಚಾನಲ್‌ಗೆ ತಲಾ 6 ವ್ಯಾಟ್, ಎರಡನ್ನೂ ಒಂದೇ ಸ್ಪೀಕರಿಗೆ ಕೂಡಿಸಿ ಬ್ರಿಜ್ ಮಾಡಿದರೆ 19. ನಂಬಿಕೆಯಾಗದಿದ್ದರೆ ಬ್ರಿಜ್ ಮಾಡಿದ್ದರ ಲೆಕ್ಕ ನೀವೇ ಹಾಕಿ. 12 ವೋಲ್ಟ್ ಬ್ಯಾಟರಿ, 4 ಓಮ್ ಸ್ಪೀಕರ್: ಹನ್ನೆರಡು ಹನ್ನೆರಡ್ಲಿ 144, ಅದನ್ನು ಓಮಿನ ಎರಡರಷ್ಟರಿಂದ, ಅಂದರೆ 8ರಿಂದ ಭಾಗಿಸಿದರೆ 18. ಅದರಾಚೆಗೆ ಬರುವುದು ಬರೀ ಗೊರಗೊರ. ಅಳಿಯನ ಪೆಟ್ಟಿಗೆಯ ಮೇಲೆ 200 ವ್ಯಾಟ್ ಎಂದಿತ್ತು. ಜೊತೆಗೆ ಕೊಟ್ಟ ಅಡಾಪ್ಟರ್ 24 ವೋಲ್ಟ್, 3 ಆಂಪಿಯರ್. ಗುಣಿಸಿದರೆ 72. ತೊಟ್ಟಿಗೆ ಬಿದ್ದದ್ದೇ 72 ಕೊಡ ಆದರೆ ನಲ್ಲಿಯಲ್ಲಿ 200 ಎಲ್ಲಿಂದ ಬರಬೇಕು?

ಹಾಗೆಂದು ವ್ಯಾಟಿಗೆ ಅಷ್ಟು ಹಪಹಪಿಸಬೇಕಾಗಿಯೂ ಇಲ್ಲ. ವ್ಯಾಟ್ ಹತ್ತು ಪಟ್ಟಾದರೆ ಕಿವಿಗೆ ದನಿ ಸುಮಾರು ಎರಡು ಪಟ್ಟು ಅಷ್ಟೆ. ಒಂದೇ ಇಎಲ್84 ವಾಲ್ವಿನ ಆಂಪ್ಲಿಫೈಯರ್ ಕೊಡುವುದು ಸುಮಾರು 5 ವ್ಯಾಟ್. ಮಲಗುವ ಕೋಣೆಗೆ ಅದೇ ಜಾಸ್ತಿ. 3 ಡೆಸಿಬೆಲ್ ಹೆಚ್ಚು ಸೆನ್ಸಿಟಿವಿಟಿ ಇರುವ ಸ್ಪೀಕರ್ ತಂದರೆ ಆಂಪ್ಲಿಫೈಯರ್ ದುಪ್ಪಟ್ಟು ಮಾಡಿಕೊಂಡ ಹಾಗೆ. ಸುತ್ತ ಗದ್ದಲ ಎಷ್ಟಿದೆ ಎಂಬುದಂತೂ ಇನ್ನೂ ಮುಖ್ಯ. ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕಕ್ಕೆ ಹೋದವರು ನೆನಪಿಸಿಕೊಳ್ಳಿ: ಬಿಲ್ಲೇರಿದ ಗೊರವಯ್ಯ “ಸದ್ದಲೇ” ಎಂದ ಮೇಲೆ ಆ ಜನಸಾಗರ ಉಸಿರು ಬಿಗಿಹಿಡಿಯುತ್ತದೆ, ಆಮೇಲೆ ಒಂದೇ ಸಾಲಿನ ಭವಿಷ್ಯವಾಣಿ.

ವಾಲ್ವ್ ಈಗ ಸಿಗುವುದೇ ಇಲ್ಲ ಎನ್ನುವುದೂ ತಪ್ಪು. ಒಂದು ಕಾಲಕ್ಕೆ ನಮ್ಮಲ್ಲೇ ತಯಾರಾಗುತ್ತಿತ್ತು: 1961ರಲ್ಲಿ ಬೆಂಗಳೂರಿನ ಬಿಇಎಲ್ ರೇಡಿಯೋ ವಾಲ್ವ್ ತಯಾರಿಕೆ ಶುರುಮಾಡಿತ್ತು. ಮರುವರ್ಷವೇ ಜರ್ಮೇನಿಯಂ ಸೆಮಿಕಂಡಕ್ಟರ್ ತಯಾರಿಕೆಯನ್ನೂ ಹಿಡಿಯಿತು. ಸವತಿಯರಿಬ್ಬರೂ ಒಂದೇ ಸೂರಿನಡಿ ಎನ್ನಬಹುದು. ಇವತ್ತು ಹೊಸ ವಾಲ್ವ್ ಬರುವುದು ರಷ್ಯಾ, ಸ್ಲೊವಾಕಿಯಾ, ಚೀನಾದಿಂದ. ಔಟ್‌ಪುಟ್ ವಾಲ್ವಿನ ಆಯಸ್ಸು ಕೆಲವು ಸಾವಿರ ಗಂಟೆ. ಒಂದು ಇಎಲ್34ರ ಫಿಲಮೆಂಟ್ ಬಿಸಿಯಾಗಿರಲಿಕ್ಕೇ 9 ವ್ಯಾಟಿಗೆ ಮೇಲೆ ಬೇಕು, ಹಾಡದೆ ಸುಮ್ಮನೆ ಕೂತಿದ್ದರೂ.

ಗುಜರಿಯಲ್ಲಿ ಹಳೇ ವಾಲ್ವ್ ಸೆಟ್ ಸಿಕ್ಕಿತೆಂದು ಹಿಗ್ಗುವವರಿಗೆ ಎರಡು ಮಾತು. ‘ಗುಂಯ್’ ಎನ್ನುವುದು ವಾಲ್ವಿನ ಸಹಜ ಗುಣವಲ್ಲ, ಹೆಚ್ಚಾಗಿ ಒಣಗಿದ ಫಿಲ್ಟರ್ ಕೆಪಾಸಿಟರಿನ ಗೋಳು. ಪ್ಲಗ್ ಕಿತ್ತರೂ ಆ ಕೆಪಾಸಿಟರಿನಲ್ಲಿ ಮುನ್ನೂರು ವೋಲ್ಟಿಗೂ ಮೇಲೆ ಕೂತಿರಬಹುದು. ಗೊತ್ತಿಲ್ಲದವರು ತಳದ ತಗಡು ಬಿಚ್ಚಬಾರದು. ಸ್ಪೀಕರ್ ವೈರ್ ವಿಚಾರದಲ್ಲಿ ಎರಡೂ ಜಾತಿಯವು ತದ್ವಿರುದ್ಧ: ವೈರ್ ಕಳಚಿ ಬಿದ್ದರೆ ವಾಲ್ವ್ ಸೆಟ್ಟಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಕುತ್ತು, ಒಂದಕ್ಕೊಂದು ತಾಗಿದರೆ ಟ್ರಾನ್ಸಿಸ್ಟರಿಗೆ.

ಹತ್ತು ಸಾವಿರ ಇಟ್ಟುಕೊಂಡು ಕೇಳುವವರಿಗೆ ನಾನು ಹೇಳುವುದು: ಮುಕ್ಕಾಲು ಪಾಲು ಸ್ಪೀಕರಿಗೆ ಹಾಕಿ, ಉಳಿದದ್ದರಲ್ಲಿ ಸಾದಾ ಚಿಪ್ ಆಂಪ್ಲಿಫೈಯರ್ ತನ್ನಿ. ಅಳಿಯನ ಪೆಟ್ಟಿಗೆಯನ್ನು ಅಟ್ಟದ ಮೇಲಿದ್ದ ನನ್ನ ಹಳೇ ಮರದ ಸ್ಪೀಕರಿಗೆ ಜೋಡಿಸಿದೆವು. ಚೆನ್ನಾಗಿಯೇ ಹಾಡಿತು.

“ಹಂಗಾದ್ರ ಆ ಲೈಟ್ ಕಿತ್ತು ಹಾಕ್ಲೇನು ಮಾವಾ?”

“ಇರಲಿ ಬಿಡೋ. ಕರೆಂಟ್ ಐತೋ ಇಲ್ಲೋ ಗೊತ್ತಾಗ್ತೈತಿ.”